ಎಳೆ ಕೊಡದ ಚೀಟಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಮೂರನೇ ತಕ್ಕಡಿ.
ಸಂಜೆ ಕೊನೆಗೆ ನಾನು ಹರಿದ ಚೀಟಿ: ೯,೯೯,೯೯೧.
ಹತ್ತು ಲಕ್ಷಕ್ಕೆ ಒಂಬತ್ತೇ ಕಮ್ಮಿ.
ಅದು ಸಾವಿರದ ವರ್ಗ, ಇದು ಮೂರರ ವರ್ಗ;
ತುದಿ ಸಿಕ್ಕಿಬಿಟ್ಟಿತು.
ಸಾವಿರಕ್ಕೆ ಮೂರು ಕಳೆ, ಮೂರು ಕೂಡು, ಗುಣಿಸು:
ಒಂಬೈನೂರ ತೊಂಬತ್ತೇಳು, ಸಾವಿರದ ಮೂರು.
ಆ ಸಾವಿರದ ಮೂರೂ ಬಿಚ್ಚಿಕೊಂಡಿತು
ಹದಿನೇಳಾಗಿ, ಐವತ್ತೊಂಬತ್ತಾಗಿ,
ಬಿಸಿನೀರಿಗೆ ಬಿದ್ದ ಗೂಡಿನ ಹಾಗೆ.

ಅದಕ್ಕೂ ಎಂಟು ಚೀಟಿ ಹಿಂದೆ
ಮೆಹರುನ್ನೀಸಾ ಬೀ ಹೆಸರಿಗೆ
೯,೯೯,೯೮೩.
ಏಳರಿಂದ ಎಳೆದೆ. ಹದಿಮೂರರಿಂದ. ಮೂವತ್ತೊಂದರಿಂದ.
ಮನೆಯಲ್ಲಿ ಸೊಳ್ಳೆಬತ್ತಿ ಬೂದಿಯಾಗುವ ತನಕ
ಸಾವಿರದೊಳಗಿನ ಅವಿಭಾಜ್ಯಗಳು ನೂರ ಅರವತ್ತೆಂಟು,
ಒಂದನ್ನೂ ಬಿಡಲಿಲ್ಲ.
ಪ್ರತಿ ಸಲ ಕೈಯಲ್ಲಿ ಏನೋ ಒಂದು ಶೇಷ.

ಬೆಳಿಗ್ಗೆ ಹೇಳಿದೆ. ಬೆಂದ ಬೆರಳು
ಸೆರಗಿಗೆ ಒರೆಸುತ್ತಾ ಆಕೆ ನಕ್ಕರು:
"ಅಂಥವೂ ಬರ್ತಾವೆ ಸಾರ್.
ಎಷ್ಟು ಕುದಿಸಿದ್ರೂ ಎಳೆ ಕೊಡಲ್ಲ.
ಬೈಯಲ್ಲ ನಾವು, ಪಕ್ಕಕ್ಕೆ ಇಡ್ತೀವಿ."

ಇಟ್ಟಿದ್ದೇನೆ,
ಕಾರ್ಬನ್ ಪ್ರತಿ, ಅಂಗಿಯ ಜೇಬಿನಲ್ಲಿ.
ಜೇಬಿಗಿಂತ ಉದ್ದ, ತಲೆ ಹೊರಗೆ ಚಾಚಿದೆ.
ಮಡಿಸೋಕೆ ಮನಸ್ಸು ಬರಲಿಲ್ಲ.