ಹೊದಿಕೆ ಮಾತ್ರ ಬಂದಿತ್ತು

ನಾರ್ವೆ, ಏಪ್ರಿಲ್ ೧೯೪೦

ಇಳಿಸಿದ್ದನ್ನೆಲ್ಲ ಎಣಿಸಿದವಳು ನಾನು. ಕಟ್ಟೆಯ ಲೆಕ್ಕ
ಅಪ್ಪನದು; ಅವನಿಗೆ ಜ್ವರ, ಪೆನ್ಸಿಲ್ ನನ್ನ ಕೈಗೆ ಬಂತು.
ಬಿಸ್ಕತ್ತಿನ ಡಬ್ಬ ಆರು ನೂರು.
ಉಣ್ಣೆಯ ಕೋಟು, ತೊಟ್ಟರೆ ನಡೆಯಲಾಗದಷ್ಟು ಭಾರ.
ಸೈಕಲ್ಲು ಹನ್ನೆರಡು, ಮೊಣಕಾಲುದ್ದ ಹಿಮದಲ್ಲಿ!
ಪಾದ್ರಿಗೆಂದು ಒಂದು ಹಾರ್ಮೋನಿಯಂ.
ಕೊನೆಗೆ, ನಾಲ್ವರು ಹೊತ್ತು ತಂದ
ಹಸಿರು ಕ್ಯಾನ್ವಾಸಿನ ಸುರುಳಿ.

ಇದೇನು, ಎಂದೆ ಕೈಸನ್ನೆಯಲ್ಲಿ.
ಸಾರ್ಜೆಂಟ್ ಟ್ರಸ್ಕಾಟ್ ಆಕಾಶ ತೋರಿಸಿದ,
ತೋಳು ಚಾಚಿ ನಳಿಗೆ ಮಾಡಿದ, ಬಾಯಲ್ಲೇ
ಡಬ್ ಡಬ್ ಡಬ್ ಎಂದ.
ವಿಮಾನ ಹೊಡೆಯುವ ಫಿರಂಗಿಯ ಹೊದಿಕೆ.
ಮತ್ತೆ ಫಿರಂಗಿ?
ಅದು ಬೇರೆ ಹಡಗಲ್ಲಿ. ಆ ಹಡಗು ಉದ್ದ,
ನಮ್ಮ ಕಟ್ಟೆ ಗಿಡ್ಡ.
ನಮ್ಮ ಭಾಷೆಯ ಒಂದೇ ಪದ ಕಲಿತಿದ್ದ ಅವನು:
ನಾಳೆ.

ಸೇತುವೆಗೆ ಪಹರೆ ಬಂತು, ರೈಲುಹಳಿಗೆ ಪಹರೆ,
ನಮ್ಮ ಮೀನಿನ ಕೊಟ್ಟಿಗೆಗೂ ಒಬ್ಬ ಬಂದೂಕಿನವನು.
ನೆತ್ತಿಗೆ ಯಾರೂ ಇಲ್ಲ.

ಏಪ್ರಿಲ್ ಬಿಸಿಲಿಗೆ ಚಳಿಗಾಲವೆಲ್ಲ ಕಾದವರು ನಾವು,
ಕಿಟಕಿಗೆ ಮುಖ ಕೊಟ್ಟು ಸುಮ್ಮನೆ ನಿಲ್ಲುವವರು.
ಆ ವರ್ಷ ಬೋರ್ಗ್‌ಹಿಲ್ಡ್ ಅಜ್ಜಿ ಮಂಡಿಯೂರಿ
ಮೋಡ ಬೇಡಿದಳು.
ಹಿಮ ಸುರಿದ ಒಂದು ದಿನ ಊರೇ ಮಲಗಿ ನಿದ್ದೆಮಾಡಿತು,
ಸೈನಿಕರು ಗೊರಕೆ ಹೊಡೆದರು ಚರ್ಚಿನ ಬೆಂಚುಗಳ ಮೇಲೆ.
ಮರುದಿನ ನೀಲಿ.
ಎಂಥ ನೀಲಿ ಅದು, ಈಗಲೂ ಬೈಯುತ್ತೇನೆ.

ಬಂದವು, ಹೋದವು, ಮತ್ತೆ ಬಂದವು,
ಅವಸರವಿಲ್ಲದೆ, ಹಾಲು ಹಾಕುವವನು ಮನೆಮನೆಗೆ ಬಂದ ಹಾಗೆ.
ಐನೂರು ರೈಫಲ್ ಒಟ್ಟಿಗೆ ಮೇಲೆದ್ದವು,
ಕಡಲಹಕ್ಕಿಗೆ ಕಲ್ಲೆಸೆದ ಹಾಗೆ.
ಮರದ ಮನೆಗಳು. ಹೇಳುವುದೇನಿದೆ.
ಹಾರ್ಮೋನಿಯಂ ಉರಿಯುತ್ತ ತಾನೇ ಒಂದು ಸ್ವರ ಎಳೆಯಿತು, ಉದ್ದಕ್ಕೆ.
ನಾವು ಹನ್ನೊಂದು ಜನ, ಎರಡು ಆಡು,
ಬಂಡೆಯ ಸಂದಿಯಲ್ಲಿ ಆ ಹೊದಿಕೆಯಡಿ
ಉಸಿರು ಬಿಗಿಹಿಡಿದೆವು,
ಕ್ಯಾನ್ವಾಸು ಬಾಂಬು ತಡೆಯುತ್ತದೇನೋ ಎಂಬಂತೆ.

ದಿನದಿನಕ್ಕೂ ರಾತ್ರಿ ಸವೆಯುತ್ತಿತ್ತು.
ಉಳಿದಷ್ಟು ಕತ್ತಲೆಯಲ್ಲೇ ಹಡಗು ಹತ್ತಿದರು ಅವರು,
ಬಂದಷ್ಟು ಜನ ಅಲ್ಲ.
ಟ್ರಸ್ಕಾಟ್ ನನ್ನ ಲೆಕ್ಕದ ಪುಸ್ತಕ ಕೇಳಿದ,
ಹೊದಿಕೆಯ ಸಾಲಿನೆದುರು ಸಹಿ ಹಾಕಿದ, ನೀಟಾಗಿ,
ನನ್ನ ಮುಖ ನೋಡಲಿಲ್ಲ.
ನಾಳೆ ಎನ್ನಲೂ ಇಲ್ಲ.

ಆಮೇಲೆ ಅದು ದೋಣಿಗಾಯಿತು, ಹುಲ್ಲಿಗಾಯಿತು,
ಮಗಳ ಮದುವೆಯ ದಿನ ಮಳೆ ಹಿಡಿದಾಗ ಅಡುಗೆಗಾಯಿತು.

ಮೊಮ್ಮಗ ಎಯ್ವಿಂದ್ ಈಗ ಸೈನ್ಯದಲ್ಲಿ,
ಕಡಲಾಚೆ ಯಾವುದೋ ದೇಶಕ್ಕೆ ಹೊರಟಿದ್ದಾನೆ.
ಏನೇನು ಒಯ್ಯುತ್ತೀರಪ್ಪ, ಎಂದೆ.
ಉತ್ಸಾಹದಿಂದ ಪಟ್ಟಿ ಹೇಳಿದ, ಬೆರಳು ಮಡಿಚಿ ಮಡಿಚಿ.
ಮೊದಲು ಇಳಿಸುವುದು ಯಾವುದು? ಎಂದೆ.
ಅವನಿಗೆ ಅರ್ಥವಾಯಿತು, ನನ್ನ ಕಥೆ ಕೇಳಿ ಬೆಳೆದವನು.
ತಲೆ ಕೆರೆದುಕೊಂಡ.
ಅದು ಎರಡನೇ ಹಡಗಲ್ಲಿ ಬರುತ್ತೆ ಅಜ್ಜಿ, ಎಂದ.

ಅಟ್ಟದಿಂದ ಸುರುಳಿ ಇಳಿಸಿ ಅವನ ಕಾರಿಗೆ ತುರುಕಿದೆ.
ಒಂದು ಮೂಲೆ ಸುಟ್ಟಿದೆ.
ಮಳೆ ಮಾತ್ರ ಇನ್ನೂ ತಡೆಯುತ್ತದೆ.