ಒಂದು ಮೊಳ, ಮೇಲೆ ಕೊಸರು

ನಖುದಾ ಖಲ್ಫಾನ್ ಬಂದವನೇ ಮೈಕನ್ನು
ನನ್ನ ಮೇಜಿನ ಮೇಲೆ ಕುಕ್ಕಿದ.
ಅಲೆತಡೆ ದಾಟಿದರೆ ನನ್ನ ಮಾತು ಯಾರಿಗೂ ಮುಟ್ಟುವುದಿಲ್ಲ,
ಕಡಲಹಕ್ಕಿ ಮಾತ್ರ ತಿರುಗಿ ನೋಡುತ್ತದೆ.

ಅಲ್ ರಮ್ಸ್‌ನ ಮೀನುಬಂದರು, ಜುಲೈ,
ಹತ್ತು ಗಂಟೆಗೇ ಸ್ಕ್ರೂಡ್ರೈವರ್ ಕೈ ಸುಡುವ ಹೊತ್ತು.
ದೋಣಿ ಹತ್ತಿ ನೋಡಿದೆ. ರೇಡಿಯೋ ಸರಿ, ಬ್ಯಾಟರಿ ಸರಿ.
ಯಾರೋ ಅಗ್ಗಕ್ಕೆ ಸಿಕ್ಕಿಸಿ ಹೋದ ಹಿತ್ತಾಳೆ ಕಡ್ಡಿ
ಫೈಬರ್ ಛಾವಣಿಯ ಮೇಲೆ, ಒಂಟಿಕಾಲಲ್ಲಿ.

ಖಲ್ಫಾನ್, ಇದು ಅರ್ಧ ಆಂಟೆನಾ.
ಉಳಿದರ್ಧ ನೆಲ.
ಕಡ್ಡಿಯೊಳಗೆ ಕರೆಂಟು ಮೇಲಕ್ಕೆ ಜಿಗಿಯಬೇಕಾದರೆ
ಕಾಲು ಒದೆಯಲು ಕೆಳಗೆ ಏನಾದರೂ ಬೇಕಲ್ಲ?
ಕಬ್ಬಿಣದ ಹಡಗಾಗಿದ್ದರೆ ಅದರ ಮೈಯೇ ನೆಲ.
ಕಡ್ಡಿಯ ಬುಡಕ್ಕೆ ತಲೆಕೆಳಗಾದ ಇನ್ನೊಂದು ಕಡ್ಡಿಯನ್ನು
ಕನ್ನಡಿಯಂತೆ ತೋರಿಸಿ ಅಲೆಯನ್ನು ನಂಬಿಸುತ್ತಿತ್ತು.
ಇದು ಫೈಬರ್. ಇದರಲ್ಲಿ ಯಾವ ಮುಖವೂ ಮೂಡುವುದಿಲ್ಲ.

ಅವನು ದಡದ ಕಡೆ ಕೈ ಬೀಸಿದ: ಅಷ್ಟೊಂದು ನೆಲ ಬಿದ್ದಿದೆಯಲ್ಲ!
ಒಣಮರಳು ನೆಲವಲ್ಲ ಎಂದೆ.
ಹನ್ನೊಂದು ವರ್ಷದಿಂದ ಅದರ ಮೇಲೆ ನಿಂತಿದ್ದೇನೆ,
ರೇಡಿಯೋ ಒಪ್ಪುವುದಿಲ್ಲ.
ಉಪ್ಪುನೀರಾದರೆ ಒಪ್ಪುತ್ತದೆ. ಆದರೆ ನೀರು ಅಲ್ಲಿ,
ಕಡ್ಡಿ ಇಲ್ಲಿ, ಎರಡಾಳು ಎತ್ತರದಲ್ಲಿ.
ನೆಲವನ್ನು ನಾವೇ ಮಾಡಿಕೊಡಬೇಕು.

ಹದಿನಾರನೇ ಚಾನೆಲ್ಲಿನ ಅಲೆ
ಎರಡೂ ಕೈ ಚಾಚಿದಷ್ಟು, ಒಂದು ಮಾರು.
ಅದರ ಕಾಲುಭಾಗ ಒಂದು ಮೊಳ.
ಹರಿಹರದಲ್ಲಿ ನಾನು ಕೆಲಸ ಕಲಿತ ರೇಡಿಯೋ ಅಂಗಡಿಯ ಕಟ್ಟೆಗೆ
ಕನಕಾಂಬರದ ಬುಟ್ಟಿಯಿಟ್ಟು ಕೂರುತ್ತಿದ್ದ ಹಾಲವ್ವ
ಮೊಣಕೈಯಿಂದ ನಡುಬೆರಳ ತುದಿಗೆ ಎಳೆದು ಅಳೆಯುತ್ತಿದ್ದ
ಅದೇ ಮೊಳ.
ನಿನ್ನ ಕೈ ಗಿಡ್ಡ ಕಣವ್ವ ಎಂದು ಜಗಳಕ್ಕೆ ಬಂದವಳಿಗೆ
ನಾಲ್ಕು ಹೂ ಕೊಸರು ಹಾಕಿ
'ನಿನ್ನ ಗಂಡನ್ನ ಕರಕೊಂಡು ಬಾ, ಅವನ ಕೈಲಿ ಅಳೀತೀನಿ' ಅನ್ನುತ್ತಿದ್ದಳು.

ಕಡ್ಡಿಯನ್ನೂ ಹಾಗೇ ಕತ್ತರಿಸಬೇಕು, ಕೊಸರು ಬಿಟ್ಟು.
ಗಿಡ್ಡವಾದದ್ದು ಬೆಳೆಯುವುದಿಲ್ಲ.

ಬುಡದಿಂದ ನಾಲ್ಕು ದಿಕ್ಕಿಗೆ ನಾಲ್ಕು ಕಡ್ಡಿ.
ನಡುವೆ ನಿಂತದ್ದಕ್ಕೆ ಕೇಬಲ್ಲಿನ ತಿರುಳು,
ಸುತ್ತಲಿನವಕ್ಕೆ ಹೊರಗಿನ ಜಾಲರಿ.
ಮಿಜಾನ್ ಹಿಡಿದುಕೊಂಡ, ನಾನು ಬೆಸೆದೆ.
ಈ ನಾಲ್ಕೂ ಮಾತಾಡುತ್ತವಾ? ಕೇಳಿದ.
ಮಾತಾಡುತ್ತವೆ. ಆದರೆ ಮೂಡಲದ್ದು ಅಂದದ್ದನ್ನು
ಪಡುವಲದ್ದು ಅಳಿಸುತ್ತದೆ, ತೆಂಕಲದ್ದನ್ನು ಬಡಗಲದ್ದು.
ದೂರ ಹೋಗುವುದು ನೆಟ್ಟಗೆ ನಿಂತವನ ದನಿ ಒಂದೇ.
ನಮ್ಮ ದೋಣಿಯ ಹಾಗೇ, ಅಂದ ಮಿಜಾನ್,
ಖಲ್ಫಾನ್‌ಗೆ ಕೇಳದಂತೆ.

ಅಡ್ಡಕ್ಕೆ ಮಲಗಿಸಿ ಮೀಟರ್ ಹಚ್ಚಿದರೆ
ಆಂಟೆನಾ ಮೂವತ್ತಾರು ಓಮ್ ಅನ್ನುತ್ತದೆ,
ಕೇಬಲ್ಲು ಐವತ್ತಕ್ಕೆ ಪಟ್ಟು ಹಿಡಿಯುತ್ತದೆ.
ಚೌಕಾಸಿ ಕುದುರದಿದ್ದರೆ ಹೊರಟ ಮಾತಿನಲ್ಲೊಂದು ಪಾಲು
ಬಾಗಿಲಿಂದಲೇ ವಾಪಸು.
ಕಡ್ಡಿಗಳ ತುದಿ ಒಂದೊಂದಾಗಿ ಬಗ್ಗಿಸಿದೆ,
ಅರ್ಧ ಮಡಚಿದ ಕೊಡೆಯಷ್ಟು.
ನಲವತ್ತು.
ನಲವತ್ತಾರು.
ನಿಂತ ಕಡ್ಡಿಯ ಮಂಡೆಯಿಂದ ಬೆರಳಗಲ ಗರಗಸದಲ್ಲಿ ತೆಗೆದು,
ಅರದಲ್ಲಿ ಅಕ್ಕಿಕಾಳಿನಷ್ಟು ಉಜ್ಜಿದೆ, ಮತ್ತೊಂದು ಕಾಳಿನಷ್ಟು.
ಮುಳ್ಳು ತಣ್ಣಗೆ ಕೂತಿತು.

ಮರುದಿನ ನಸುಕಿಗೆ, ಐದೂಹತ್ತಕ್ಕೆ,
ಅಂಗಡಿಯ ಸೆಟ್ಟು ಗರ್ ಎಂದಿತು.
ಹನ್ನೆರಡು ಮೈಲಿ ಆಚೆಯಿಂದ ಖಲ್ಫಾನ್.
ಸಲಾಮು ಇಲ್ಲ, ಉಪಚಾರ ಇಲ್ಲ:
ಅಂಜಲ್ ಬಿದ್ದಿದೆ, ಐಸ್ ಸಾಲದು, ಕಟ್ಟೆಗೆ ತರಿಸಿಡು.
ಕೇಳುತ್ತಿದೆಯಾ?

ಕೇಳುತ್ತಿದೆ ಎಂದೆ.
ಹಾಲಿನಪುಡಿಯ ಡಬ್ಬಿಗೆ
ನಿನ್ನೆಯ ಹಿತ್ತಾಳೆ ತುಂಡು ಹಾಕಿದೆ.
ಅಂಥವು ಅದರಲ್ಲಿ ಮುಷ್ಟಿಗಟ್ಟಲೆ ಇವೆ,
ಈ ಬಂದರಿನ ಯಾವ ಅಲೆಗೂ ಸಲ್ಲದವು.
ಎಸೆದಿಲ್ಲ.