ಬಾಕಿ ಎರಡಾಣೆ

ಗುಡಿಬಂಡೆಯ ಹಳೇ ಕಚೇರಿಯ ಮೂಡಣ ಗೋಡೆಗೆ
ಸಿಮೆಂಟು ಮೆತ್ತಿದ್ದು ನಾನೇ,
ಹದಿನಾರು ವರ್ಷದ ಹಿಂದೆ, ಮೂರೇ ದಿನದಲ್ಲಿ.
ಇಂಜಿನಿಯರು ಬೆನ್ನು ತಟ್ಟಿದ್ದರು.
ಈಗ ಅದನ್ನು ಕೆತ್ತಿ ತೆಗೆಯಲು ನನ್ನನ್ನೇ ಕರೆಸಿದ್ದಾರೆ.

ಉಳಿ ಇಟ್ಟು ಒಂದೇಟು ಹಾಕಿದೆ.
ಹಪ್ಪಳದ ಹಾಗೆ ಎದ್ದು ಬಂತು ನನ್ನ ಕೆಲಸ.
ಒಳಗೆ ಇಟ್ಟಿಗೆ ಬೆವತು, ಉಪ್ಪು ಹೂಬಿಟ್ಟು,
ಬೆರಳಿಟ್ಟರೆ ಪುಡಿ.
"ಉಸಿರು ಕಟ್ಟಿಸಿದ್ದೀಯ ಕಣಪ್ಪ," ಅಂದಳು ಪಿಳ್ಳಕ್ಕ.
ಬೈಯಲಿಲ್ಲ. ಜ್ವರ ನೋಡುವವಳಂತೆ
ಗೋಡೆಗೆ ಅಂಗೈ ಆನಿಸಿ ನಿಂತಳು.

ಗಾರೆ ಗಾಣದ ಎತ್ತಿನ ಹಿಂದೆ ಸುತ್ತಿ ಸುತ್ತಿ ಬೆಳೆದವಳು.
ಗುಂಡಿಯ ಸುಣ್ಣ ಕೊತಕೊತ ಕುದ್ದು ತಣ್ಣಗಾದ ಮೇಲೂ
ನಲವತ್ತು ದಿನ ಮುಟ್ಟಗೊಡಲಿಲ್ಲ.
ಕಂಟ್ರಾಕ್ಟರ್ ನಾರೆಪ್ಪ ದಿನಕ್ಕೆರಡು ಸಲ ಬೈಕಲ್ಲಿ ಬಂದು
ಗುಂಡಿ ಇಣುಕಿ, ವಾಚು ನೋಡಿ, ಹೋಗುತ್ತಿದ್ದ.
ನಲವತ್ತೊಂದನೇ ದಿನ ಸನಿಕೆಯಲ್ಲಿ ಎತ್ತಿ ತೋರಿಸಿದಳು.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂದವರು
ಮಾಗಿದ ಸುಣ್ಣ ಕಂಡಿರಲಿಕ್ಕಿಲ್ಲ,
ಯಾವುದು ಯಾವುದೋ ಗೊತ್ತಾಗುತ್ತಿರಲಿಲ್ಲ.
"ಹಾಗಂತ ಕಣ್ಣಿಗೆ ಹಚ್ಚಿಕೊಳ್ಳಬೇಡ ಮತ್ತೆ."

ಅಳಲೆಕಾಯಿ ಜಜ್ಜಿ ನೆನೆಹಾಕಿದ ನೀರು ಟೀ ಬಣ್ಣ.
ಅಚ್ಚುಬೆಲ್ಲ ಕರಗಿಸಿದ ನೀರೂ ಟೀ ಬಣ್ಣ.
ನಾಲಿಗೆಗೆ ಮುಟ್ಟಿಸಿಯೇ ಗುರುತು ಹಿಡಿದೆ.
ಮೊದಲ ಕೈ ಗಾರೆ ಬಿದ್ದ ಮಧ್ಯಾಹ್ನವೇ ಇರುವೆ ಸಾಲು ಬಂತು,
ತಾಲ್ಲೂಕಿನ ಇರುವೆಗಳಿಗೆಲ್ಲ
ಕಚೇರಿಯಿಂದ ಸಮನ್ಸು ಹೋಗಿತ್ತೇನೋ.

ಎಸೆ. ಒತ್ತು. ನೀರು ಚಿಮುಕಿಸು.
ಹಲಗೆಯಿಂದ ಬಡಿ, ಬಿರುಕು ಬಿಟ್ಟರೆ ಮತ್ತೆ ಬಡಿ.
ನನ್ನ ಕರಣೆ ಸಿಮೆಂಟಿನ ಓಟ ಕಲಿತದ್ದು,
ತಾನೇ ಮುಂದಕ್ಕೆ ಜಾರುತ್ತದೆ.
"ಎಲ್ಲಿಗೆ ಬಸ್ಸಿದೆ ನಿನಗೆ?"
ಇತ್ತು, ಬಾಗೇಪಲ್ಲಿಗೆ, ಐದೂವರೆಗೆ.
ಹೇಳಲಿಲ್ಲ.

ಬಡಗಣ ತುದಿಯಲ್ಲಿ ಮೊರದಗಲ ಜಾಗ
ಹಳೇ ಗಾರೆ ಗಟ್ಟಿಯಾಗಿಯೇ ಇತ್ತು.
ಮೇಲಿನ ನುಣುಪು ಪದರ ನನ್ನ ಸಿಮೆಂಟಿಗೆ ಅಂಟಿ ಬಂದಿತ್ತು.
ಒಳಗಿನ ಒರಟಿನ ಮೇಲೆ ಇದ್ದಿಲ ಬರಹ, ಸೊಟ್ಟ ಅಕ್ಷರ:

ಅಳಲೆ ಮೂರು ಸೇರು
ಬೆಲ್ಲ ಐದು
ನರಸಿಂಗನಿಗೆ ಬಾಕಿ ಎರಡಾಣೆ

ಪಿಳ್ಳಕ್ಕನಿಗೆ ಓದು ಬರದು. ಓದಿ ಹೇಳಿದೆ.
"ಕೊಟ್ಟರಂತಾ?"
"ಅದು ಬರೆದಿಲ್ಲ."
ಎಲೆ ಅಡಿಕೆ ತೆಗೆದು, ಸುಣ್ಣ ಸವರಿ,
ತುಂಬ ಹೊತ್ತು ಅಗಿದಳು.

ನಾರೆಪ್ಪ ಬಂದ. "ಅದರ ಮೇಲೂ ಎಳೆದುಬಿಡಿ,
ಸೋಮವಾರ ಸಾಹೇಬರು ಬರ್ತಾರೆ."
ನನ್ನ ಹದಿನಾಲ್ಕು ದಿನದ ಕೂಲಿ ಅವನಲ್ಲಿತ್ತು.
ಪಿಳ್ಳಕ್ಕನದು ಕೇಳಿದರೆ
"ಬಿಲ್ಲು ಮೇಲೆ ಹೋಗಿದೆ" ಅನ್ನುತ್ತಿದ್ದ, ಆಕಾಶ ತೋರಿಸುತ್ತ.

ಅವನ ಬೈಕು ತಿರುವು ದಾಟಲಿ ಅಂತ ಕಾದೆ.
ಟೀ ಅಂಗಡಿಯ ಒಲೆಯಿಂದ ಒಂದು ಇದ್ದಿಲು ತಂದು
ನರಸಿಂಗನ ಕೆಳಗೆ ಬರೆದೆ:
ಪಿಳ್ಳಕ್ಕನಿಗೆ ಐವತ್ತೈದು ದಿನ.
ಗಂಗುಲಪ್ಪನಿಗೆ ಹದಿನಾಲ್ಕು.
ರೂಪಾಯಿ ಬರೆಯಲಿಲ್ಲ;
ಓದುವವರ ಕಾಲಕ್ಕೆ ಯಾವ ದುಡ್ಡೋ.

ಆಮೇಲೆ ಗಾರೆ ಎಸೆದೆ, ಒತ್ತಿದೆ, ಕಾದೆ.
ಬೆಣಚುಕಲ್ಲಿನಿಂದ ಉಜ್ಜುವುದು ಇನ್ನೂ ಮೂರು ದಿನದ ಮಾತು.
ಬಸ್ಸು ಹೋಯಿತು.
ಬೆಳಿಗ್ಗೆ ನೋಡಿದರೆ
ಇರುವೆಗಳು ಮೊದಲು ಹತ್ತಿದ್ದು ಅದೇ ತುದಿಗೆ.